ಕೈಕಾಲಿನ ಬಲ ಕುಂದಿದರೆ ಹೃದಯವನ್ನೂ ನೋಡಿ

ಮುಂದಿನ ಶುಕ್ರವಾರ ಜುಮಾ ನಮಾಝ್‌ಗೆ ಹೋದಾಗ ಸಾಲುಗಳ ಅಂಚಿನಲ್ಲಿ ಇಟ್ಟಿರುವ ಕುರ್ಚಿಗಳನ್ನು ಒಮ್ಮೆ ಎಣಿಸಿ. ನಾನು ಹುಡುಗನಾಗಿದ್ದಾಗ ಚಿಗಟೇರಿಯ ನಮ್ಮ ಮಸೀದಿಯಲ್ಲಿ ಒಂದು ಕುರ್ಚಿಯೂ ಇದ್ದ ನೆನಪಿಲ್ಲ. ಈಗ ಏಳೆಂಟು ಇವೆ. ನಿಂತು ನಮಾಝ್ ಮಾಡಲಾಗದವರು ಕುಳಿತು ಮಾಡಲು ಶರೀಅತ್ ಅನುಮತಿ ಕೊಟ್ಟಿದೆ. ಯಾರಿಗೆ ಕುರ್ಚಿ, ಯಾರಿಗೆ ಇಲ್ಲ ಎಂಬುದನ್ನು ಉಲಮಾಗಳು ಹೇಳಬೇಕು, ನಾನಲ್ಲ. ವೈದ್ಯನಾಗಿ ನಾನು ಕೇಳುವುದು ಬೇರೆಯೇ ಪ್ರಶ್ನೆ. ನಿನ್ನೆಯವರೆಗೆ ಸುಜೂದ್‌ನಿಂದ ತಾವೇ ಎದ್ದು ನಿಲ್ಲುತ್ತಿದ್ದ ಹಿರಿಯರಿಗೆ ಇಂದು ಕುರ್ಚಿ ಬೇಕಾಗಿದೆ ಎಂದರೆ, ಅವರ ದೇಹದೊಳಗೆ ಏನು ಬದಲಾಗಿದೆ?

ಈ ಪ್ರಶ್ನೆಯನ್ನು ನಾನು ನನ್ನ ಮನೆಯಲ್ಲೇ ಸಕಾಲಕ್ಕೆ ಕೇಳಲಿಲ್ಲ.

ನಮ್ಮ ಅಬ್ಬಾ ಬಸ್ ನಿಲ್ದಾಣದ ಬಳಿ ನಲವತ್ತು ವರ್ಷ ಸೈಕಲ್ ಶಾಪ್ ನಡೆಸಿದವರು. ಅವರು ಬಿಗಿ ಮಾಡಿದ ನಟ್ಟನ್ನು ಬೇರೆಯವರು ಬಿಚ್ಚಲಾಗುತ್ತಿರಲಿಲ್ಲ. 69ರ ವಯಸ್ಸಿಗೆ ಸ್ಪ್ಯಾನರ್ ಅನ್ನು ಅಂಗಡಿಯ ಹುಡುಗನ ಕೈಗೆ ಕೊಡತೊಡಗಿದರು. ಮರುವರ್ಷ ಮಸೀದಿಯಲ್ಲಿ ಕುರ್ಚಿ ಕೇಳಿದರು. ಪೈಜಾಮ ಸಡಿಲವಾಯಿತು, ಆದರೆ ಹೊಟ್ಟೆ ಮಾತ್ರ ಹಾಗೇ ಇತ್ತು. ಹತ್ತು ವರ್ಷದಿಂದ ಸಕ್ಕರೆ ಕಾಯಿಲೆಯೂ ಇತ್ತು. ನಾನು ಮಂಡಿನೋವು ಎಂದುಕೊಂಡೆ, ಎಣ್ಣೆ ಕೊಟ್ಟೆ. "ವಯಸ್ಸಾಯ್ತಲ್ಲ ಬೇಟಾ" ಎಂದು ಅವರು, "ಹೌದು ಅಬ್ಬಾ" ಎಂದು ನಾನು.

71ನೇ ವಯಸ್ಸಿನಲ್ಲಿ ಒಂದು ದಿನ ಫಜ್ರ್ ಮುಗಿಸಿ ಬಂದವರಿಗೆ ಮೈಯೆಲ್ಲ ಬೆವರು, ಹೊಟ್ಟೆಯ ಮೇಲ್ಭಾಗದಲ್ಲಿ ಉರಿ. ಎದೆನೋವು ಎನ್ನಲಿಲ್ಲ. ಗ್ಯಾಸ್ ಇರಬಹುದೆಂದು ನಾನೇ ಅರ್ಧ ಗಂಟೆಗೂ ಹೆಚ್ಚು ಕಳೆದೆ. ಅದು ಹೃದಯಾಘಾತವಾಗಿತ್ತು. ಹರಪನಹಳ್ಳಿಗೆ, ಅಲ್ಲಿಂದ ದಾವಣಗೆರೆಗೆ ಓಡಿದೆವು. ಅಲ್ಲಾಹನ ಕೃಪೆಯಿಂದ ಅಬ್ಬಾ ಉಳಿದರು. ಬಿಡುಗಡೆಯ ದಿನ ಅಲ್ಲಿನ ಫಿಸಿಯೋಥೆರಪಿಸ್ಟ್ ಅವರನ್ನು ಕುರ್ಚಿಯಿಂದ ಎಬ್ಬಿಸಿ ನೋಡಿ ನನಗೆ ಹೇಳಿದ ಮಾತು ಇದು: "ಡಾಕ್ಟ್ರೇ, ರಕ್ತನಾಳ ತೆರೆದಿದ್ದಾಗಿದೆ. ಇನ್ನು ಈ ಕಾಲುಗಳನ್ನು ನೋಡಿಕೊಳ್ಳಿ. ಇವು ಹೀಗೇ ಇದ್ದರೆ ಹೃದಯಕ್ಕೂ ಕಷ್ಟ."

ಅವರ ಆ ಮಾತನ್ನೇ ನಿಮಗೆ ಬಿಡಿಸಿ ಹೇಳುತ್ತೇನೆ.

ಸಾರ್ಕೊಪೀನಿಯಾ ಎಂದರೇನು?

ಮೂವತ್ತರ ನಂತರ ನಮ್ಮ ಮಾಂಸಖಂಡಗಳು ನಿಧಾನವಾಗಿ ಕರಗತೊಡಗುತ್ತವೆ. ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಶೇಕಡಾ ಎಂಬುದು ಸಾಮಾನ್ಯ ಲೆಕ್ಕ. ಅರವತ್ತು ದಾಟಿದ ಮೇಲೆ ಈ ವೇಗ ಹೆಚ್ಚುತ್ತದೆ. ಗಾತ್ರಕ್ಕಿಂತ ಬೇಗ ಬಲ ಕುಂದುತ್ತದೆ. ಇದು ಒಂದು ಮಿತಿ ದಾಟಿ, ಏಳುವುದು, ನಡೆಯುವುದು, ಎತ್ತುವುದು ಕಷ್ಟವಾದಾಗ ಅದನ್ನು ಸಾರ್ಕೊಪೀನಿಯಾ ಎನ್ನುತ್ತಾರೆ. ಗ್ರೀಕ್ ಭಾಷೆಯಲ್ಲಿ ಸಾರ್ಕ್ಸ್ ಎಂದರೆ ಮಾಂಸ, ಪೀನಿಯಾ ಎಂದರೆ ಕೊರತೆ. 1989ರಲ್ಲಿ ಅಮೆರಿಕದ ಡಾ. ಇರ್ವಿನ್ ರೋಸನ್‌ಬರ್ಗ್ ಈ ಹೆಸರು ಸೂಚಿಸಿದರು. ಹೆಸರೇ ಇಲ್ಲದಿದ್ದಾಗ ಎಲ್ಲರೂ ಇದನ್ನು "ವಯಸ್ಸು" ಎಂದೇ ಕರೆಯುತ್ತಿದ್ದರು. ನಮ್ಮ ಮನೆಗಳಲ್ಲಿ ಇಂದಿಗೂ ಹಾಗೆಯೇ ಕರೆಯುತ್ತೇವೆ.

ಬಾಲ್ಯದ ಬಲಹೀನತೆಯಿಂದ ಬಲ, ಬಲದ ನಂತರ ಮತ್ತೆ ಬಲಹೀನತೆ ಬರುವ ಬಗ್ಗೆ ಪವಿತ್ರ ಕುರ್‌ಆನ್‌ನ ಸೂರಃ ಅರ್‍ರೂಮ್‌ನಲ್ಲಿ ಪ್ರಸ್ತಾಪವಿದೆ. ಮುಪ್ಪು ಸೃಷ್ಟಿಕರ್ತನ ನಿಯಮ. ಆದರೆ ಆರೈಕೆ ಇಲ್ಲದೆ ಹತ್ತು ವರ್ಷ ಮೊದಲೇ ಬರುವ ಬಲಹೀನತೆಯನ್ನು ಮುಪ್ಪಿನ ಲೆಕ್ಕಕ್ಕೆ ಹಾಕುವುದು ನಮ್ಮ ಅಲಕ್ಷ್ಯ.

ಹೃದಯಕ್ಕೂ ಇದಕ್ಕೂ ಏನು ಸಂಬಂಧ?

2015ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟವಾಯಿತು. ಪ್ಯೂರ್ ಎಂಬುದು ಅದರ ಹೆಸರು. ಭಾರತವೂ ಸೇರಿ 17 ದೇಶಗಳ ಸುಮಾರು 1 ಲಕ್ಷ 40 ಸಾವಿರ ಜನರ ಕೈಹಿಡಿತದ ಬಲವನ್ನು ಅಳೆದು, ಅವರ ಆರೋಗ್ಯವನ್ನು ಸುಮಾರು ನಾಲ್ಕು ವರ್ಷ ಗಮನಿಸಿದರು. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಸಂಸ್ಥೆಯ ವೈದ್ಯರೂ ಇದರಲ್ಲಿ ಭಾಗಿಗಳು. ಕೈಹಿಡಿತ 5 ಕಿಲೋ ಕಡಿಮೆಯಾದಂತೆಲ್ಲ ಹೃದ್ರೋಗದಿಂದ ಸಾಯುವ ಅಪಾಯ 17 ಶೇಕಡಾ ಹೆಚ್ಚಿರುವುದು ಕಂಡುಬಂತು. ಸಾವಿನ ಅಪಾಯವನ್ನು ಮುಂಚಿತವಾಗಿ ಸೂಚಿಸುವುದರಲ್ಲಿ ರಕ್ತದೊತ್ತಡದ ಮೇಲಿನ ಅಂಕಿಗಿಂತ ಕೈಹಿಡಿತವೇ ಹೆಚ್ಚು ನೆರವಾಯಿತು.

ತಪ್ಪು ತಿಳಿಯಬೇಡಿ. ಕೈ ಸಡಿಲವಾದ್ದರಿಂದಲೇ ಹೃದಯ ಕೆಡುತ್ತದೆ ಎಂದು ಇದರ ಅರ್ಥವಲ್ಲ. ಬಿಪಿ ನೋಡುವುದನ್ನು ಬಿಡಬಹುದು ಎಂದೂ ಅಲ್ಲ. ದೇಹದೊಳಗಿನ ಒಟ್ಟು ಸ್ಥಿತಿಯನ್ನು ಮಾಂಸಖಂಡ ಹೊರಗೆ ತೋರಿಸುತ್ತದೆ ಎಂದು ಅರ್ಥ. ಇದು ನಡೆಯುವುದು ಮುಖ್ಯವಾಗಿ ಮೂರು ದಾರಿಗಳಲ್ಲಿ.

ಒಂದು, ಸಕ್ಕರೆ. ನಾವು ಉಂಡ ಅನ್ನ-ರೊಟ್ಟಿ ಸಕ್ಕರೆಯಾಗಿ ರಕ್ತಕ್ಕೆ ಬಂದಾಗ ಅದರ ದೊಡ್ಡ ಪಾಲನ್ನು ಎಳೆದುಕೊಳ್ಳುವುದು ಮಾಂಸಖಂಡ. ತೊಡೆಯ ಮಾಂಸ ಕರಗಿದರೆ ಆ ಸಕ್ಕರೆಗೆ ಜಾಗ ಕಡಿಮೆ. ಅದು ರಕ್ತದಲ್ಲೇ ಉಳಿದು ರಕ್ತನಾಳಗಳನ್ನು ಕೆಡಿಸುತ್ತದೆ.

ಎರಡು, ಕೊಬ್ಬು. ಕರಗಿದ ಮಾಂಸದ ಜಾಗದಲ್ಲಿ ಕೊಬ್ಬು ಸೇರುತ್ತದೆ, ಹೊಟ್ಟೆಯೊಳಗೂ ಸೇರುತ್ತದೆ. ಈ ಕೊಬ್ಬು ಮೈಯಲ್ಲಿ ಸಣ್ಣಗೆ ಉರಿಯೂತವನ್ನು ಉಳಿಸುತ್ತದೆ. ಹೃದಯದ ನಾಳಗಳಿಗೂ ಮಾಂಸಖಂಡಕ್ಕೂ ಅದು ಒಟ್ಟಿಗೇ ಹಾನಿ ಮಾಡುತ್ತದೆ.

ಮೂರು, ಪಂಪು. ನಡೆಯುವಾಗ ಮೀನಖಂಡ ಹಿಂಡಿ ಕಾಲಿನ ರಕ್ತವನ್ನು ಮೇಲಕ್ಕೆ, ಹೃದಯದ ಕಡೆಗೆ ತಳ್ಳುತ್ತದೆ. ಕಾಲು ಸೋತರೆ ನಡಿಗೆ ನಿಲ್ಲುತ್ತದೆ. ನಡಿಗೆ ನಿಂತರೆ ಬಿಪಿ, ಸಕ್ಕರೆ, ತೂಕ ಎಲ್ಲವೂ ಹದ ತಪ್ಪುತ್ತವೆ. ಹೃದಯ ದುರ್ಬಲವಾದವರಿಗೆ ಆಯಾಸದಿಂದ ನಡೆಯಲಾಗುವುದಿಲ್ಲ, ಅದರಿಂದ ಮತ್ತಷ್ಟು ಮಾಂಸ ಕರಗುತ್ತದೆ. ಹೀಗೆ ಒಂದನ್ನೊಂದು ಕೆಳಕ್ಕೆ ಎಳೆಯುತ್ತವೆ.

ತೂಕ ನೋಡಿ ಮೋಸಹೋಗಬೇಡಿ

"ಅಬ್ಬಾ ತೂಕ ಹೆಚ್ಚಿಲ್ಲ ಡಾಕ್ಟರ್ ಸಾಬ್, ತೆಳ್ಳಗೇ ಇದ್ದಾರೆ" ಎನ್ನುವವರಿಗೆ ನಾನು ಒಂದು ಕಥೆ ಹೇಳುತ್ತೇನೆ. ಪುಣೆಯ ಡಾ. ಯಾಜ್ಞಿಕ್ ಮತ್ತು ಬ್ರಿಟನ್ನಿನ ಡಾ. ಯುಡ್ಕಿನ್ ಇಬ್ಬರೂ ಸಂಶೋಧಕರು, ಸ್ನೇಹಿತರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ, ಅಂದರೆ ಬಿಎಂಐ, ಇಬ್ಬರದ್ದೂ 22.3. ನೋಡಲು ಇಬ್ಬರೂ ತೆಳ್ಳಗೆ. ಆದರೆ ಮೈಕೊಬ್ಬನ್ನು ಅಳೆದಾಗ ಯುಡ್ಕಿನ್ ಅವರದ್ದು 9.1 ಶೇಕಡಾ, ನಮ್ಮ ಯಾಜ್ಞಿಕ್ ಅವರದ್ದು 21.2 ಶೇಕಡಾ! 2004ರಲ್ಲಿ ಲ್ಯಾನ್ಸೆಟ್‌ನಲ್ಲಿ ಈ ಜೋಡಿ ಚಿತ್ರ ಪ್ರಕಟವಾಗಿ ಜಗತ್ತಿನ ವೈದ್ಯರ ಕಣ್ಣು ತೆರೆಸಿತು. ನಾವು ಭಾರತೀಯರು ಸಾಮಾನ್ಯವಾಗಿ ಮಾಂಸ ಕಡಿಮೆ, ಕೊಬ್ಬು ಹೆಚ್ಚು ಇರುವ ಮೈಯವರು. ಆದ್ದರಿಂದ ಮಾಂಸ ಕರಗಿ ಅದೇ ಜಾಗದಲ್ಲಿ ಕೊಬ್ಬು ಬಂದರೆ ತೂಕದ ಯಂತ್ರದ ಮುಳ್ಳು ಅಲುಗುವುದೇ ಇಲ್ಲ. ಕಾಲು ಕಡ್ಡಿ, ಹೊಟ್ಟೆ ಗುಂಡು ಇದ್ದರೆ ಸಕ್ಕರೆ, ಬಿಪಿ, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಲೇಬೇಕು.

ಮನೆಯಲ್ಲೇ ನೋಡಿ

ಏಷ್ಯಾದ ತಜ್ಞರ ಗುಂಪೊಂದು 2019ರಲ್ಲಿ ನಮ್ಮಂಥವರ ಮೈಕಟ್ಟಿಗೆ ಹೊಂದುವ ಅಳತೆಗಳನ್ನು ಕೊಟ್ಟಿದೆ. ಅವುಗಳಲ್ಲಿ ಕೆಲವನ್ನು ಮನೆಯಲ್ಲೇ ನೋಡಬಹುದು.

ಕುರ್ಚಿ ಪರೀಕ್ಷೆ: ಗೋಡೆಗೆ ಒರಗಿಸಿಟ್ಟ ಗಟ್ಟಿ ಕುರ್ಚಿಯ ಮೇಲೆ ಹಿರಿಯರನ್ನು ಕೂರಿಸಿ. ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಲಿ. ಕೈ ಊರದೆ ಐದು ಸಲ ಎದ್ದು ಕೂರಲಿ. 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಕಾಲಿನ ಬಲ ಕುಂದಿದೆ. ನೀವು ಪಕ್ಕದಲ್ಲೇ ನಿಂತಿರಿ, ಬೀಳಬಾರದು.

ಮೀನಖಂಡದ ಸುತ್ತಳತೆ: ದರ್ಜಿಯ ಟೇಪಿನಿಂದ ಮೊಣಕಾಲಿನ ಕೆಳಗೆ ದಪ್ಪಗಿರುವಲ್ಲಿ ಅಳೆಯಿರಿ. ಗಂಡಸರಿಗೆ 34, ಹೆಂಗಸರಿಗೆ 33 ಸೆಂಟಿಮೀಟರ್‌ಗಿಂತ ಕಡಿಮೆ ಇದ್ದರೆ ಎಚ್ಚರ. ಕಾಲು ಬಾತಿದ್ದರೆ ಈ ಅಳತೆ ಸರಿ ಬರುವುದಿಲ್ಲ. ಕಾಲು ಬಾತಿರುವುದೇ ವೈದ್ಯರಿಗೆ ತೋರಿಸಬೇಕಾದ ವಿಷಯ.

ನಡಿಗೆ: 6 ಮೀಟರ್ ದೂರವನ್ನು ಎಂದಿನ ನಡಿಗೆಯಲ್ಲಿ ದಾಟಲು 6 ಸೆಕೆಂಡಿಗಿಂತ ಹೆಚ್ಚು ಬೇಕಾದರೆ ನಡಿಗೆ ನಿಧಾನವಾಗಿದೆ.

ಇವು ರೋಗನಿರ್ಣಯವಲ್ಲ, ಸೂಚನೆ. ಮಂಡಿನೋವು, ಥೈರಾಯ್ಡ್, ರಕ್ತಹೀನತೆ, ವಿಟಮಿನ್ ಡಿ ಕೊರತೆ, ನರದ ತೊಂದರೆಗಳಿಂದಲೂ ಹೀಗಾಗಬಹುದು. ಅದನ್ನು ಬೇರ್ಪಡಿಸುವುದು ವೈದ್ಯರ ಕೆಲಸ. ನಿಮ್ಮ ಕೆಲಸ "ವಯಸ್ಸಾಯ್ತು" ಎನ್ನದೆ ಅವರನ್ನು ಕರೆದೊಯ್ಯುವುದು.

ಇನ್ನೊಂದು ಮಾತು. ಗಂಡಸರ ಕುರ್ಚಿ ಮಸೀದಿಯಲ್ಲಿ ನಾಲ್ಕು ಜನರ ಕಣ್ಣಿಗೆ ಬೀಳುತ್ತದೆ. ಅಮ್ಮ, ದಾದಿ ಮನೆಯ ಮೂಲೆಯಲ್ಲಿ ನಮಾಝ್ ಮಾಡುವವರು. ಅವರು ಯಾವಾಗಿನಿಂದ ಕುಳಿತು ಮಾಡುತ್ತಿದ್ದಾರೆ, ನೆಲದಿಂದ ಏಳಲು ಮಂಚದ ಕಾಲು ಹಿಡಿಯುತ್ತಾರೆಯೇ, ತುಂಬಿದ ಕೊಡ ಎತ್ತುವುದನ್ನು ಎಂದು ಬಿಟ್ಟರು? ಇವತ್ತು ಸಂಜೆ ಗಮನಿಸಿ. ಮುಟ್ಟು ನಿಂತ ಮೇಲೆ ಹೆಂಗಸರಲ್ಲಿ ಎಲುಬು, ಮಾಂಸ ಎರಡೂ ಬೇಗ ಸವೆಯುತ್ತವೆ, ಹೃದ್ರೋಗದ ಅಪಾಯವೂ ಏರುತ್ತದೆ. ಅಂಗಳ ಅಥವಾ ಮಾಳಿಗೆಯ ಮರೆಯಲ್ಲಿ ದಿನಕ್ಕೆ ಸ್ವಲ್ಪ ಹೊತ್ತು ಕೈಕಾಲಿಗೆ ಬಿಸಿಲು ತಾಕಿಸುವುದೂ ಅವರಿಗೆ ಬೇಕು.

ತಟ್ಟೆಯಲ್ಲಿ ಏನಿದೆ?

ನಮ್ಮ ಕಡೆ ಹಿರಿಯರ ದಿನ ಹೇಗಿರುತ್ತದೆ ನೋಡಿ. ಬೆಳಿಗ್ಗೆ ಚಹಾ-ಬನ್, ಆಮೇಲೆ ಮಂಡಕ್ಕಿ ಒಗ್ಗರಣೆ, ಮಧ್ಯಾಹ್ನ ಮೆತ್ತಗಿನ ಅನ್ನಕ್ಕೆ ತಿಳಿಸಾರು, ಸಂಜೆ ಮತ್ತೆ ಚಹಾ-ರಸ್ಕು. ಹೊಟ್ಟೆ ತುಂಬುತ್ತದೆ, ಮಾಂಸಖಂಡಕ್ಕೆ ಏನೂ ಸಿಗುವುದಿಲ್ಲ. ಮಾಂಸಖಂಡ ಕಟ್ಟುವುದು ಪ್ರೋಟೀನು. ಐಸಿಎಂಆರ್‌ನ 2020ರ ಶಿಫಾರಸಿನಂತೆ ದೊಡ್ಡವರಿಗೆ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಪ್ರೋಟೀನು ಬೇಕು. ವಯಸ್ಸಾದವರಿಗೆ 1ರಿಂದ 1.2 ಗ್ರಾಂ ಬೇಕೆಂದು ಮುಪ್ಪಿನ ಆಹಾರದ ತಜ್ಞರು ಹೇಳುತ್ತಾರೆ. ಅಂದರೆ 60 ಕಿಲೋ ತೂಕದವರಿಗೆ ಸುಮಾರು 60ರಿಂದ 70 ಗ್ರಾಂ.

ದುಬಾರಿ ಡಬ್ಬಿ ಪುಡಿ ಬೇಕಿಲ್ಲ. ಒಂದು ತತ್ತಿಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ ಸುಮಾರು 6, ಒಂದು ಹಿಡಿ ಶೇಂಗಾದಲ್ಲಿ 7, ಒಂದು ಬಟ್ಟಲು ಗಟ್ಟಿ ಬೇಳೆ ಅಥವಾ ಹೆಸರುಕಾಳಿನ ಪಲ್ಯದಲ್ಲಿ 6-7, ಒಂದು ಜೋಳದ ರೊಟ್ಟಿಯಲ್ಲಿ ಸುಮಾರು 5, ನೂರು ಗ್ರಾಂ ಕೋಳಿ ಅಥವಾ ಮೀನಿನಲ್ಲಿ 20ರ ಆಸುಪಾಸು. ರಾತ್ರಿ ಒಂದೇ ಸಲ ಬಿರಿಯಾನಿಯಲ್ಲಿ ಇದನ್ನು ಮುಗಿಸುವ ಬದಲು ಮೂರು ಹೊತ್ತಿಗೂ ಹಂಚಿ. ಬೆಳಗಿನ ತಟ್ಟೆಗೆ ಒಂದು ಬೇಯಿಸಿದ ತತ್ತಿ ಸೇರಿಸುವುದರಿಂದ ಶುರು ಮಾಡಿ. ಹಲ್ಲಿಲ್ಲದವರಿಗೆ ಕೈಮಾ, ಮಸೆದ ಕಾಳು, ಮೊಸರು, ಶೇಂಗಾ ಚಟ್ನಿ ಸುಲಭ. ಹಲ್ಲಿನ ಸೆಟ್ಟು ಹಾಕಿಸಿಕೊಡುವುದೂ ಹೃದಯದ ಚಿಕಿತ್ಸೆಯೇ ಎಂದು ತಿಳಿಯಿರಿ.

ಕಾಲು ಸೂಪಿನ ಬಗ್ಗೆ ಎಲ್ಲರೂ ಕೇಳುತ್ತಾರೆ. ರುಚಿಗೆ ಕುಡಿಯಿರಿ. ಆದರೆ ಅದರಲ್ಲಿ ಇರುವುದು ಹೆಚ್ಚಾಗಿ ಅಂಟಿನಂಶ. ಮಾಂಸಖಂಡ ಕಟ್ಟಲು ಬೇಕಾದ ಅಂಶಗಳೆಲ್ಲ ಅದರಲ್ಲಿಲ್ಲ. ಮೇಲೆ ತೇಲುವ ಕೊಬ್ಬು ಹೃದ್ರೋಗಿಗೆ ಒಳ್ಳೆಯದೂ ಅಲ್ಲ. ಎಣ್ಣೆಯಲ್ಲಿ ಕರಿದ ಮಿರ್ಚಿ, ಉಪ್ಪಿನಕಾಯಿ, ವನಸ್ಪತಿ ಕಡಿಮೆ ಮಾಡಿ. ಮೂತ್ರಪಿಂಡದ ಕಾಯಿಲೆ ಇದ್ದವರು ಪ್ರೋಟೀನು ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಲೇಬೇಕು. ಇನ್ನು ಅಮ್ಮಂದಿರ ವಿಷಯ: ಎಲ್ಲರಿಗೂ ಬಡಿಸಿ ತಳದ ಸಾರು ತಾವು ಉಣ್ಣುವವರಿಗೆ ಮೊದಲೇ ಅವರ ಪಾಲು ತೆಗೆದಿಡಿ.

ಔಷಧಿ ಅಂಗಡಿಯಲ್ಲಿ ಸಿಗದ ಔಷಧಿ

ತಿಂದ ಪ್ರೋಟೀನು ಮಾಂಸವಾಗಬೇಕಾದರೆ ಮಾಂಸಖಂಡಕ್ಕೆ ಕೆಲಸ ಕೊಡಬೇಕು. "ಈ ವಯಸ್ಸಿನಲ್ಲಿ ಏನು ಕಸರತ್ತು?" ಎನ್ನಬೇಡಿ. 1990ರಲ್ಲಿ ಅಮೆರಿಕದ ಬೋಸ್ಟನ್ನಿನಲ್ಲಿ ವೃದ್ಧಾಶ್ರಮದ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ಎಂಟು ವಾರ ಕಾಲಿನ ಭಾರದ ವ್ಯಾಯಾಮ ಕೊಟ್ಟರು. ವ್ಯಾಯಾಮ ಪೂರೈಸಿದವರ ಕಾಲಿನ ಬಲ ಸರಾಸರಿ ಎರಡೂವರೆ ಪಟ್ಟಿಗಿಂತ ಹೆಚ್ಚಾಯಿತು. ತದ್ವಿರುದ್ಧ ಉದಾಹರಣೆಯೂ ಇದೆ. 2007ರಲ್ಲಿ ಪ್ರಕಟವಾದ ಇನ್ನೊಂದು ಪ್ರಯೋಗದಲ್ಲಿ, ಆರೋಗ್ಯವಂತ ಹಿರಿಯರು ಹತ್ತು ದಿನ ಹಾಸಿಗೆಯಲ್ಲೇ ಇದ್ದಾಗ ಅವರ ಕಾಲುಗಳಿಂದ ಸುಮಾರು ಒಂದು ಕಿಲೋ ಮಾಂಸ ಕರಗಿತ್ತು. "ಮಲಗಿಯೇ ಇರಿ ಅಬ್ಬಾ, ನೀರು ನಾನು ತರ್ತೀನಿ" ಎನ್ನುವ ಪ್ರೀತಿ ಎಷ್ಟು ದುಬಾರಿ ಎಂದು ಯೋಚಿಸಿ.

ಮನೆಯಲ್ಲಿ ಮಾಡಬಹುದಾದ ನಾಲ್ಕು ಕೆಲಸಗಳು ಹೀಗಿವೆ. ಕುರ್ಚಿಯಿಂದ ಎದ್ದು ಕೂರುವುದು, ಮೊದಲು ಐದು ಸಲ, ಕ್ರಮೇಣ ಹತ್ತು. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು, ಹತ್ತು ಸಲ. ಒಂದು ಲೀಟರಿನ ನೀರಿನ ಬಾಟಲಿಯನ್ನು ಮೊಣಕೈ ಮಡಚಿ ಎತ್ತುವುದು, ಹತ್ತು ಸಲ. ಒದ್ದೆ ಟವೆಲ್ಲನ್ನು ಎರಡೂ ಕೈಯಿಂದ ಹಿಂಡುವುದು. ವಾರಕ್ಕೆ ಎರಡು ಮೂರು ದಿನ ಇದು, ಉಳಿದಂತೆ ನಡಿಗೆ. ವಾರಕ್ಕೆ ಒಟ್ಟು 150 ನಿಮಿಷವಾದರೂ ಮೈ ಬೆಚ್ಚಗಾಗುವ ನಡಿಗೆ ಇರಲಿ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮಸೀದಿಗೆ ಬೈಕಿನಲ್ಲಿ ಬಿಡುವ ಬದಲು ಜೊತೆಯಲ್ಲಿ ನಡೆದುಹೋಗಿ. ಉಸಿರು ಬಿಗಿಹಿಡಿಯಬಾರದು. ಎದೆ ಹಿಡಿದರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಿಸಬೇಕು. ಹೃದಯಾಘಾತ ಆದವರು, ಸ್ಟೆಂಟ್ ಹಾಕಿಸಿಕೊಂಡವರು ಹೃದ್ರೋಗ ತಜ್ಞರ ಒಪ್ಪಿಗೆ ಪಡೆದೇ ಆರಂಭಿಸಬೇಕು. ರಮಝಾನಿನಲ್ಲಿ ಭಾರದ ವ್ಯಾಯಾಮವನ್ನು ಇಫ್ತಾರಿನ ನಂತರಕ್ಕೆ ಇಡಿ, ಸಹರಿಯಲ್ಲಿ ತತ್ತಿ ಅಥವಾ ಮೊಸರು ಇರಲಿ, ಮಾತ್ರೆಗಳ ಹೊತ್ತನ್ನು ಮೊದಲೇ ವೈದ್ಯರಲ್ಲಿ ಕೇಳಿಕೊಳ್ಳಿ.

ದಿನದ ಐದು ಫರ್ಝ್ ನಮಾಝ್‌ಗಳಲ್ಲಿ 17 ರಕಅತ್‌ಗಳಿವೆ. ನಮಾಝ್ ಇಬಾದತ್, ಕಸರತ್ತಲ್ಲ. ಆದರೆ ಅದನ್ನು ನಿಂತು, ಬಾಗಿ, ನೆಲದಿಂದ ಎದ್ದು ಪೂರೈಸುವ ಶಕ್ತಿ ಉಳಿಸಿಕೊಳ್ಳಲು ಕಸರತ್ತು ಬೇಕು.

ಯುನಾನಿ ವೈದ್ಯನಾಗಿ ಎರಡು ಮಾತು

ನಮ್ಮ ಪದ್ಧತಿಯಲ್ಲಿ ಆರೋಗ್ಯಕ್ಕೆ ಆರು ಅಗತ್ಯಗಳನ್ನು ಹೇಳಿದ್ದಾರೆ. ದೇಹದ ಚಲನೆ ಮತ್ತು ವಿಶ್ರಾಂತಿಯ ಹದ ಅದರಲ್ಲಿ ಒಂದು. ಹೃದಯದ ಔಷಧಿಗಳ ಬಗ್ಗೆಯೇ ಪ್ರತ್ಯೇಕ ಗ್ರಂಥ ಬರೆದ ಇಬ್ನ್ ಸೀನಾ (980-1037) ತಮ್ಮ ಅಲ್ ಕಾನೂನ್‌ನಲ್ಲಿ ವೃದ್ಧರ ಪಾಲನೆಗೆ ಅಧ್ಯಾಯಗಳನ್ನೇ ಮೀಸಲಿಟ್ಟಿದ್ದಾರೆ. ಸ್ವಲ್ಪ ಸ್ವಲ್ಪವಾಗಿ ಹಲವು ಸಲ ಆಹಾರ, ಹಿತವಾದ ಮಾಲೀಶು, ಅವರವರ ಶಕ್ತಿಗೆ ತಕ್ಕ ರಿಯಾಝತ್, ಅಂದರೆ ವ್ಯಾಯಾಮ. ಔಷಧಿಗಿಂತ ಮೊದಲು ಇವೇ ಬರುತ್ತವೆ.

ಆದರೆ ನನ್ನ ಬಳಿ ಬರುವ ಅನೇಕರು ಕೇಳುವುದು ಬೇರೆ: "ಹಕೀಮ್ ಸಾಬ್, ಬಿಪಿ ಮಾತ್ರೆ ಬಿಟ್ಟು ಖಮೀರಾ ತಗೊಳ್ಳಲಾ?" ಬಿಡಬೇಡಿ. ಬಿಪಿ, ಸಕ್ಕರೆ, ಕೊಲೆಸ್ಟ್ರಾಲ್, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಕೊಟ್ಟ ವೈದ್ಯರನ್ನು ಕೇಳದೆ ನಿಲ್ಲಿಸುವುದು ಅಪಾಯ. ಖಮೀರಾ, ಮಾಜೂನ್‌ಗಳನ್ನು ಸಕ್ಕರೆ ಅಥವಾ ಜೇನಿನ ಪಾಕದಲ್ಲಿ ಮಾಡುತ್ತಾರೆ, ಸಕ್ಕರೆ ಕಾಯಿಲೆಯವರು ತಾವಾಗಿ ತಿನ್ನಬಾರದು. ಲೇಬಲ್ ಇಲ್ಲದ "ತಾಕತ್ತಿನ ಪುಡಿ", ಭಸ್ಮಗಳನ್ನು ಸಂತೆಯಲ್ಲಿ ಕೊಳ್ಳಬೇಡಿ. ನೀವು ಯಾವ ವೈದ್ಯರ ಬಳಿ ಹೋದರೂ ತೆಗೆದುಕೊಳ್ಳುತ್ತಿರುವ ಎಲ್ಲ ಔಷಧಿಗಳನ್ನೂ ಒಂದು ಚೀಲದಲ್ಲಿ ಒಯ್ದು ತೋರಿಸಿ. ಕೊಲೆಸ್ಟ್ರಾಲ್ ಮಾತ್ರೆಯಿಂದ ಮೈಕೈ ನೋವು ಬಂದಿದೆ ಎನಿಸಿದರೂ ನಿಲ್ಲಿಸುವ ಮುನ್ನ ಹೇಳಿ, ಬದಲಿ ಮಾತ್ರೆಗಳಿವೆ. ಬೀಡಿ, ಸಿಗರೇಟು, ತಂಬಾಕು ಮಾತ್ರ ಯಾರನ್ನೂ ಕೇಳದೆ ಇಂದೇ ಬಿಡಬಹುದು.

ಆ ಗಳಿಗೆ ಬಂದರೆ

ಎದೆಯಲ್ಲಿ ಒತ್ತಡ, ದವಡೆ ಅಥವಾ ಎಡತೋಳಿಗೆ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ಕಷ್ಟ ಇವು ಎಲ್ಲರಿಗೂ ಗೊತ್ತಿರುವ ಲಕ್ಷಣಗಳು. ವಯಸ್ಸಾದವರಲ್ಲಿ, ಹೆಂಗಸರಲ್ಲಿ, ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ಬರೀ ಹೊಟ್ಟೆಯುರಿ, ವಾಂತಿ, ವಿಪರೀತ ಸುಸ್ತು ಇರಬಹುದು. ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಸೋಡಾ, ಓಮಕಾಳು ಕೊಟ್ಟು ಕಾಯಬೇಡಿ. 108ಕ್ಕೆ ಕರೆ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ರಾಜ್ಯ ಸರ್ಕಾರ 2023ರಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಆರಂಭಿಸಿದೆ. ಇದರಲ್ಲಿ ತಾಲ್ಲೂಕು ಮಟ್ಟದ ಸರ್ಕಾರಿ ಆಸ್ಪತ್ರೆಗಳಲ್ಲೇ ಇಸಿಜಿ ತೆಗೆದು, ಬೇಕಾದವರಿಗೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನನ್ನು ಉಚಿತವಾಗಿ ಕೊಟ್ಟು ಮುಂದಿನ ಆಸ್ಪತ್ರೆಗೆ ಕಳಿಸುತ್ತಾರೆ. ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆಯೇ ಎಂದು ಆರೋಗ್ಯವಾಗಿರುವಾಗಲೇ ವಿಚಾರಿಸಿಟ್ಟುಕೊಳ್ಳಿ.

ಅಬ್ಬಾಗೆ ಈಗ 73. ಮೊದಲ ತಿಂಗಳು ಕುರ್ಚಿಯಿಂದ ಎರಡು ಸಲ ಏಳಲೂ ಆಗುತ್ತಿರಲಿಲ್ಲ. ವೈದ್ಯರು ಹೇಳಿದಷ್ಟೇ, ದಿನವೂ, ಬೇಸರವಿಲ್ಲದೆ ಮಾಡಿದರು. ಬೆಳಿಗ್ಗೆ ಒಂದು ತತ್ತಿ, ಮಧ್ಯಾಹ್ನ ಕಾಳಿನ ಪಲ್ಯದೊಂದಿಗೆ ರೊಟ್ಟಿ, ರಾತ್ರಿ ಹಾಲು. ಆರು ತಿಂಗಳಿಗೆ ಐದು ಸಲ ಏಳಲು 21 ಸೆಕೆಂಡು ಹಿಡಿಯುತ್ತಿತ್ತು, ಈಗ 13. ಸುಜೂದ್‌ಗೆ ಇಂದಿಗೂ ಕುರ್ಚಿ ಬೇಕು. ಆದರೆ ಕಿಯಾಮ್ ಮತ್ತು ರುಕೂಅನ್ನು ಸಾಲಿನಲ್ಲಿ ನಿಂತೇ ಮಾಡುತ್ತಾರೆ. ಮಂಡಿಯ ಸವೆತ ನಿಜ, ಅದು ಪೂರ್ತಿ ಹೋಗುವುದಿಲ್ಲ. ಕಾಲಿನ ಬಲ ಮಾತ್ರ ಮರಳಿ ಬಂದಿದೆ, ಸಕ್ಕರೆಯೂ ಹದಕ್ಕೆ ಬಂದಿದೆ.

ಎರಡು ವರ್ಷ ಮೊದಲೇ ಸ್ಪ್ಯಾನರ್ ಕೈ ಬದಲಾದ ದಿನ ನಾನು ಎಚ್ಚೆತ್ತಿದ್ದರೆ ಸಕ್ಕರೆ, ಬಿಪಿ, ಇಸಿಜಿ ಎಲ್ಲವನ್ನೂ ಆಗಲೇ ನೋಡಬಹುದಿತ್ತು. ನಿಮ್ಮ ಮನೆಯಲ್ಲಿ ಆ ದಿನ ಇಂದೇ ಇರಬಹುದು. ಓದಿ ಮುಗಿಸಿದ ಮೇಲೆ ಮನೆಯ ಹಿರಿಯರ ಕೈ ಹಿಡಿದು "ಗಟ್ಟಿಯಾಗಿ ಹಿಡೀರಿ ನೋಡೋಣ" ಎನ್ನಿ. ಆಮೇಲೆ ಒಂದು ಕುರ್ಚಿ ತಂದು, ಗಡಿಯಾರ ನೋಡುತ್ತಾ ಐದು ಸಲ ಎಬ್ಬಿಸಿ. 12 ಸೆಕೆಂಡು ದಾಟಿದರೆ ಈ ವಾರವೇ ವೈದ್ಯರ ಬಳಿ ಕರೆದೊಯ್ಯಿರಿ. ಅಲ್ಲಾಹನು ನಮ್ಮ ಹಿರಿಯರಿಗೆ ಆರೋಗ್ಯವಂತ ದೀರ್ಘಾಯುಷ್ಯ ಕರುಣಿಸಲಿ, ಆಮೀನ್.